ಬಲಬದಿಯೋ ಬಡಗುಬದಿಯೋ: ವಿಮಾನದ ಕಿಟಕಿ ಸೀಟಿನ ಕುರಿತು ಒಂದು ಪದವಿಚಾರ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಮಕ್ಕಳ ಮನೆಗೆಂದು ಯುರೋಪು, ಅಮೆರಿಕಗಳಿಗೆ ಹೊರಡುವ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಕಿರುಬರಹ ಸಿದ್ಧಪಡಿಸುತ್ತಿದ್ದೇನೆ. ಹೊರಗಿನ ನೋಟ ಚೆನ್ನಾಗಿ ಕಾಣಬೇಕಾದರೆ ಯಾವ ಬದಿಯ ಕಿಟಕಿ ಸೀಟನ್ನು ಕೇಳಿ ಪಡೆಯಬೇಕು ಎಂದು ವಿವರಿಸುವಾಗ ಪದಗಳ ತೊಡಕು ಎದುರಾಗಿದೆ. ಬಲ್ಲವರ ಅಭಿಪ್ರಾಯ ಬೇಕು.

ನಮ್ಮ ಕರಾವಳಿಯಲ್ಲಿ ಬಸ್ಸು ಹತ್ತುವವರು ‘ಸಮುದ್ರದ ಬದಿ’, ‘ಘಟ್ಟದ ಬದಿ’ ಎನ್ನುವುದುಂಟು. ಕಾರವಾರದಿಂದ ಅಂಕೋಲೆಗೆ ಹೋಗುವಾಗ ಕಡಲು ಬಲಕ್ಕಿರುತ್ತದೆ, ಮರಳುವಾಗ ಎಡಕ್ಕೆ. ‘ಪಡುಬದಿ’ (ಪಶ್ಚಿಮದ ಬದಿ) ಎಂದರೆ ಮಾತ್ರ ಎರಡೂ ಸಲ ಅದೇ ಕಡಲು. ಈ ಅನುಕೂಲ ವಿಮಾನದ ಬರಹಕ್ಕೂ ಬೇಕೆಂಬುದು ನನ್ನ ಆಸೆ. ಯುರೋಪಿನಿಂದ ಅಮೆರಿಕಕ್ಕೆ ಹಗಲಿನಲ್ಲಿ ಪಡುವಣಕ್ಕೆ ಹಾರುವ ವಿಮಾನದ ಹಾದಿ ಗ್ರೀನ್‌ಲ್ಯಾಂಡಿನ ತೆಂಕಣ (ದಕ್ಷಿಣದ) ತುದಿಯನ್ನು ಸಮೀಪಿಸಿದರೆ, ಹಿಮನದಿಗಳು ಬೆಟ್ಟಗಳ ನಡುವಿನಿಂದ ಕಡಲಿಗೆ ಇಳಿಯುವುದೂ, ಒಡೆದ ಮಂಜುಗಡ್ಡೆಗಳು ಕಪ್ಪು ನೀರಿನ ಮೇಲೆ ಬಿಳಿಯ ಚುಕ್ಕೆಗಳಾಗಿ ಹರಡಿರುವುದೂ ಹೆಚ್ಚಾಗಿ ಬಲಗಡೆಯವರಿಗೇ ಕಾಣುತ್ತದೆ. ಸೂರ್ಯ ತೆಂಕಲಿನಲ್ಲಿರುವುದರಿಂದ ಎಡಗಡೆಯವರು ಕಣ್ಣು ಕೋರೈಸಿ ಕಿಟಕಿ ಮುಚ್ಚಿ ಕೂರಬೇಕಾಗುತ್ತದೆ. ಮರುಪ್ರಯಾಣ ಸಾಮಾನ್ಯವಾಗಿ ರಾತ್ರಿಯದು; ಧ್ರುವಪ್ರಭೆ (ಉತ್ತರದ ಆಗಸದಲ್ಲಿ ಹೊಳೆಯುವ ಬಣ್ಣದ ಬೆಳಕು) ಕಾಣುವ ಸಂಭವವಿರುವುದು ಆಗ ಎಡಗಡೆಯ ಕಿಟಕಿಯಲ್ಲಿ. ಎಡ, ಬಲ ಅದಲುಬದಲಾದರೂ ಎರಡೂ ಬಡಗುಬದಿಯೇ, ಅಂದರೆ ಉತ್ತರದ ಬದಿಯೇ.

ಮೂಡು, ಪಡು, ತೆಂಕು, ಬಡಗು ಎಂಬ ನಾಲ್ಕು ಮಾತುಗಳು ಇಂದಿನವರಿಗೆ ತಿಳಿಯಲಾರವು ಎಂಬ ಆಕ್ಷೇಪ ಬರಬಹುದು. ತೆಂಕುತಿಟ್ಟು, ಬಡಗುತಿಟ್ಟುಗಳ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಜಿಲ್ಲೆಯ ಹಿರಿಯರಿಗೆ ಇವು ಅಪರಿಚಿತವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ನಿಜವಾದ ತೊಡಕು ಇರುವುದು ಬೇರೆಡೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದಂತೆ ಉತ್ತರ ಧ್ರುವದ ಮೇಲೆಯೇ ಹಾದುಬಂದರೆ ಬಡಗು ಮೊದಲು ಮೂಗಿನ ನೇರಕ್ಕಿದ್ದು ಆಮೇಲೆ ಬೆನ್ನ ಹಿಂದಾಗುತ್ತದೆ. ಬಡಗುಬದಿಯ ಕಿಟಕಿ ಎಂಬುದೇ ಅಲ್ಲಿ ಇಲ್ಲ. ಸೀಟು ಆಯ್ದುಕೊಳ್ಳುವ ನಕ್ಷೆಯಲ್ಲಿಯೂ ದಿಕ್ಕುಗಳಿರುವುದಿಲ್ಲ, ಅಕ್ಷರಗಳಿರುತ್ತವೆ: ಎ ಎಂದರೆ ಎಡಗಡೆಯ ಕಿಟಕಿ, ದೊಡ್ಡ ವಿಮಾನಗಳಲ್ಲಿ ಬಲಗಡೆಯದು ಕೆ ಅಥವಾ ಎಲ್. ಆದ್ದರಿಂದ ‘ಹೋಗುವಾಗ ಬಡಗುಬದಿ, ಅಂದರೆ ಬಲಗಡೆ’ ಎಂದು ಎರಡನ್ನೂ ಜೋಡಿಸಿ ಬರೆಯುವುದು ಸರಿಯೇ, ಅಥವಾ ಓದುವವರಿಗೆ ಅದು ಗೊಂದಲವೇ?

ಇನ್ನೊಂದು ಪ್ರಶ್ನೆ. ‘ಬದಿ ಸೀಟು’ ಎಂದರೆ ಓಡಾಡುವ ದಾರಿಯ ಬದಿಯೂ ಆಗಬಹುದಾದ್ದರಿಂದ ಅದನ್ನು ಕೈಬಿಟ್ಟು ‘ಕಿಟಕಿ ಸೀಟು’ ಎಂದೇ ಬರೆದಿದ್ದೇನೆ. ಆದರೆ ಬೋಯಿಂಗ್ 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ, ಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವಲ್ಲಿ, ಕಿಟಕಿಯೇ ಇಲ್ಲದ ‘ಕಿಟಕಿ ಸೀಟು’ ಇರುತ್ತದೆ. ಅದನ್ನು ‘ಗೋಡೆ ಸೀಟು’ ಎನ್ನಬಹುದೆಂದುಕೊಂಡಿದ್ದೇನೆ. ಕಿಟಕಿ ಇದ್ದೂ ರೆಕ್ಕೆ ಅಡ್ಡವಾಗಿ ಕೆಳಗಿನ ನೆಲ ಕಾಣದ ಸಾಲುಗಳಿಗೆ ‘ರೆಕ್ಕೆಮರೆಯ ಸಾಲು’ ಎಂದು ಬರೆದಿದ್ದೇನೆ; ಇದಕ್ಕಿಂತ ಸಹಜವಾದ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.