ಆರು ದಿನದ ಪ್ರಶ್ನೆಗೆ ನನ್ನ ಉತ್ತರ

ಎಲ್ಲರಿಗೂ ವಂದನೆ. ಕಾಕಾ, ನಿಮಗೂ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಕೇಳಿ.

ನಿನ್ನೆ ನಮ್ಮ ತಮ್ಮ ಬೆಂಗಳೂರಿನಿಂದ ಕೇಳಿದ್ದು ಇಷ್ಟೇ: ಬೈಬಲಿನ ಆದಿಕಾಂಡದಲ್ಲಿ ದೇವರು ಆರೇ ದಿನದಲ್ಲಿ ಲೋಕ ಮಾಡಿದ ಅನ್ನುವುದನ್ನು ಇದ್ದ ಹಾಗೇ ನಂಬಬೇಕಾ, ಇಲ್ಲ ಅದಕ್ಕೆ ಬೇರೆ ಅರ್ಥ ಇದೆಯಾ? ಕಾಕಾ, ನೀವು "ಅಕ್ಷರಕ್ಕಕ್ಷರ ನಂಬು, ಇಲ್ಲಾಂದ್ರೆ ಸತ್ಯವೇದ ಮುಚ್ಚಿಡು" ಅಂದಿರಿ. ಆಮೇಲೆ ಹುಡುಗ ಒಂದು ಮಾತೂ ಬರೆದಿಲ್ಲ. ನನಗೆ ಅದೇ ಚಿಂತೆ.

ಕಾಕಾ, ಇದು ಸೈನ್ಸ್ ಓದಿ ಕೆಟ್ಟವರ ಪ್ರಶ್ನೆ ಅಲ್ಲ. ಜೀವವಿಕಾಸದ ಬಗ್ಗೆ ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಅದಕ್ಕೂ ಎಷ್ಟೋ ಮೊದಲು, 3ನೇ ಶತಮಾನದಲ್ಲೇ, ಒರಿಗೆನ್ ಎಂಬ ಕ್ರೈಸ್ತ ಪಂಡಿತ ಇದನ್ನು ಕೇಳಿದ್ದ. ಸೂರ್ಯ ಚಂದ್ರ ಬರುವುದು ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನಕ್ಕೆ ಸಾಯಂಕಾಲ, ಬೆಳಗು ಹೇಗೆ ಆದವು ಅಂತ. ಆಮೇಲೆ ಬಂದ ಬಿಷಪ್ ಅಗಸ್ಟೀನ್ ಕೂಡ ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದೇ ಬರೆದ. ಇನ್ನೊಂದು ಮಾತನ್ನೂ ಹೇಳಿದ. ಭೂಮಿ ಆಕಾಶದ ವಿಷಯ ಬಲ್ಲ ಹೊರಗಿನವರ ಮುಂದೆ ನಾವು ಸತ್ಯವೇದದ ಹೆಸರಲ್ಲಿ ತಪ್ಪು ತಪ್ಪಾಗಿ ಮಾತಾಡಿದರೆ, ಸತ್ತವರು ಮತ್ತೆ ಏಳುವ ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನು ಅವರು ಯಾಕೆ ನಂಬುತ್ತಾರೆ? ನಮ್ಮ ಮಕ್ಕಳ ವಿಷಯದಲ್ಲಿ ಇವತ್ತು ನಡೆಯುತ್ತಿರುವುದು ಇದೇ ಅಲ್ವಾ?

ಯೋಹಾನನ ಸುವಾರ್ತೆಯ 2ನೇ ಅಧ್ಯಾಯ ತೆಗೆಯಿರಿ. "ಈ ದೇವಾಲಯವನ್ನು ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ" ಅಂತ ಯೇಸು ಹೇಳುತ್ತಾನೆ. ಎದುರಿಗಿದ್ದವರು ಕಲ್ಲು ಗೋಡೆ ಲೆಕ್ಕ ಹಾಕಿದರು: ಕಟ್ಟಲು 46 ವರ್ಷ ಹಿಡಿದಿದೆ, ನೀನು ಮೂರು ದಿನದಲ್ಲಿ ಎಬ್ಬಿಸುತ್ತೀಯಾ? ಆತ ಹೇಳಿದ್ದು ತನ್ನ ದೇಹವೆಂಬ ಆಲಯದ ಬಗ್ಗೆ ಅಂತ ಯೋಹಾನನೇ ಬಿಡಿಸಿ ಹೇಳುತ್ತಾನೆ. ನಾವು ಬೀದರಿನವರು, ಬಸವಕಲ್ಯಾಣದ ಪಕ್ಕದವರು. "ದೇಹವೇ ದೇಗುಲ" ಅನ್ನುವ ಬಸವಣ್ಣನ ಮಾತನ್ನು ಶಾಲೆಯಲ್ಲೇ ಓದಿದವರು. ಕಾಲೇ ಕಂಬ ಅಂದರೆ ಯಾರೂ ಮೊಣಕಾಲು ಮುಟ್ಟಿ ಕಲ್ಲು ಹುಡುಕುವುದಿಲ್ಲ. ಹಾಗಂತ ಆ ವಚನ ಸುಳ್ಳು ಅಂತಲೂ ಅನ್ನುವುದಿಲ್ಲ. ಅದೇ ಓದುವ ಬುದ್ಧಿಯನ್ನು ಚರ್ಚಿನ ಬಾಗಿಲಲ್ಲಿ ಚಪ್ಪಲಿ ಜೊತೆ ಯಾಕೆ ಬಿಡಬೇಕು?

ಈಗ ತಮ್ಮಾ, ನಿನಗೆ. ಇದು ಕೇಳಿ ಎಲ್ಲವೂ ಸಂಕೇತ ಅಂದುಕೊಳ್ಳಬೇಡ. ಅಲ್ಲಿ ನನಗೆ ಇನ್ನೂ ಜಾಸ್ತಿ ಭಯ ಇದೆ. ಐಶ್ವರ್ಯವಂತನು ಪರಲೋಕಕ್ಕೆ ಹೋಗುವುದಕ್ಕಿಂತ ಒಂಟೆ ಸೂಜಿಕಣ್ಣಲ್ಲಿ ನುಗ್ಗುವುದು ಸುಲಭ ಅನ್ನುತ್ತಾನೆ ಯೇಸು. ಅದಕ್ಕೆ, ಯೆರೂಸಲೇಮಿನಲ್ಲಿ ಸೂಜಿಕಣ್ಣು ಎಂಬ ಸಣ್ಣ ಬಾಗಿಲಿತ್ತು, ಒಂಟೆ ಮೊಣಕಾಲೂರಿ ಹೋಗುತ್ತಿತ್ತು ಅಂತ ಚರ್ಚಿನ ಪ್ರಸಂಗದಲ್ಲಿ ಹೇಳುತ್ತಾರೆ. ಅಂಥ ಬಾಗಿಲು ಇದ್ದದ್ದಕ್ಕೆ ಯಾವ ಆಧಾರವೂ ಇಲ್ಲ. ಹಣ ಇದ್ದವರಿಗೆ ನೋವಾಗಬಾರದು ಅಂತ ಮಾಡಿಕೊಂಡ ದಾರಿ ಅದು. ಕಳ್ಳರಿಂದ ಪೆಟ್ಟು ತಿಂದು ಬಿದ್ದವನನ್ನು ಬೇರೆ ಜನಾಂಗದವನೊಬ್ಬ ಎತ್ತಿ ಛತ್ರಕ್ಕೆ ಸೇರಿಸಿದ, ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಅಗಸ್ಟೀನನೂ ಛತ್ರ ಅಂದರೆ ಕ್ರೈಸ್ತ ಸಭೆ, ಛತ್ರದವನು ಅಂದರೆ ಅಪೊಸ್ತಲ ಪೌಲ, ಎರಡು ನಾಣ್ಯ ಅಂದರೆ ದೇವರನ್ನೂ ನೆರೆಯವನನ್ನೂ ಪ್ರೀತಿಸು ಅನ್ನುವ ಎರಡು ಆಜ್ಞೆ ಅಂತೆಲ್ಲ ಬಿಡಿಸಿದ್ದಾನೆ. ಓದಲು ಚೆಂದ ಇದೆ. ಆದರೆ ಕಥೆ ಕೇಳಿದ್ದು, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಹತ್ತಿರ ನೀನು ನಿಲ್ಲುತ್ತೀಯಾ ಅಂತ. ನಮ್ಮ ಜಾತಿಯವನಲ್ಲದವನು ಬಿದ್ದಿದ್ದರೂ ನಿಲ್ಲುತ್ತೀಯಾ ಅಂತ.

ಪುನರುತ್ಥಾನದಲ್ಲಂತೂ ಪೌಲ ಸಂಕೇತ ಅನ್ನಲು ಜಾಗವನ್ನೇ ಬಿಟ್ಟಿಲ್ಲ. ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ನೇರವಾಗಿ ಬರೆದಿದ್ದಾನೆ. ಅದನ್ನು ನಾನು ನಡೆದದ್ದೆಂದೇ ನಂಬುತ್ತೇನೆ. ಹಾಡು, ದೃಷ್ಟಾಂತಕಥೆ, ಕಾಗದ, ಸಾಕ್ಷಿ, ಬರೆದವನು ಯಾವುದನ್ನು ಬರೆದನೋ ಹಾಗೇ ಓದಬೇಕು.

ಕಾಕಾ, ಹುಡುಗ ಕೇಳುತ್ತಿದ್ದಾನೆ ಅಂದರೆ ಓದುತ್ತಿದ್ದಾನೆ ಅಂತ. ಅವನನ್ನು ಬೈಯಬೇಡಿ. ತಮ್ಮಾ, ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡು, ಕಾಕಾನೂ ಮನೆಗೆ ಬರುತ್ತಾರೆ. ಆದಿಕಾಂಡ 1 ಮತ್ತು 2 ಎರಡನ್ನೂ ಓದಿಕೊಂಡಿರು. ಒಂದರಲ್ಲಿ ಮೊದಲು ಪ್ರಾಣಿಗಳು, ಆಮೇಲೆ ಮನುಷ್ಯ. ಇನ್ನೊಂದರಲ್ಲಿ ಮೊದಲು ಮನುಷ್ಯ. ಅಲ್ಲಿಂದಲೇ ಶುರು ಮಾಡೋಣ.