ಸಹಾಯ ಬೇಕು: ಹ್ಯಾಂಡ್‌ಬ್ರೇಕ್ ಸರಿಪಡಿಸಲು ಮೊದಲು ಡ್ರಮ್ಮೋ, ಕೇಬಲ್ಲೋ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಹಿಂಡಲಗಾ ಕಡೆ ನಮ್ಮ ಮನೆಯಿದ್ದು, ಗೇಟಿನ ಮುಂದಿನ ರಸ್ತೆ ಇಳಿಜಾರಾಗಿದೆ. ಹಿಂದಿನ ಗಾಲಿಗಳಿಗೆ ಡ್ರಮ್ ಬ್ರೇಕ್ ಇರುವ ನನ್ನ 11 ವರ್ಷದ ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಮೊದಲು ಐದಾರು ‘ಟಕ್’ ಸದ್ದಿಗೇ ಹಿಡಿಯುತ್ತಿತ್ತು. ಈಗ ಹತ್ತು ಸದ್ದಾದರೂ ಕಾರು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಸದ್ಯಕ್ಕೆ ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದೇನೆ.

ಲಿವರಿನ ಬಳಿಯ ಮುಚ್ಚಳ ತೆಗೆದಾಗ ಕೇಬಲ್ಲಿನ ನಟ್ಟು ಕಂಡಿತು. ಅದನ್ನು ತಿರುಗಿಸುವುದು ಸುಲಭವೇ. ಆದರೆ ಒಳಗಿನ ಬ್ರೇಕ್ ಶೂ (ಗಾಲಿಯೊಂದಿಗೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ಅದನ್ನು ತಡೆಯುವ ಪಟ್ಟಿ) ಸವೆದಿದ್ದರೆ ಆ ದೋಷವನ್ನು ಮುಚ್ಚಿಟ್ಟಂತಾಗುತ್ತದೆ, ಅತಿಯಾಗಿ ಬಿಗಿದರೆ ಗಾಡಿ ಓಡುವಾಗಲೂ ಶೂ ಉಜ್ಜಿ ಡ್ರಮ್ ಕಾಯುತ್ತದೆ ಎಂಬ ಕಾರಣಕ್ಕೆ ಕೈ ಹಾಕಿಲ್ಲ. ಹಿಂದೊಮ್ಮೆ ಗ್ಯಾರೇಜಿನವರೊಬ್ಬರು ಹೀಗೇ ನಟ್ಟು ಬಿಗಿದು ಕಳಿಸಿದ್ದರಿಂದ, ಸಂಕೇಶ್ವರ ಮುಟ್ಟುವಷ್ಟರಲ್ಲಿ ಎಡಗಡೆಯ ಹಿಂದಿನ ಗಾಲಿಯಿಂದ ಸುಟ್ಟ ವಾಸನೆ ಬಂದಿತ್ತು.

ಸಮತಟ್ಟಾದ ಅಂಗಳದಲ್ಲಿ ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಹಿಂಭಾಗವನ್ನು ಬರಿಯ ಜಾಕಿನ ಮೇಲೆ ಬಿಡದೆ ಸ್ಟ್ಯಾಂಡುಗಳ ಮೇಲೆ ಕೂರಿಸಿ ಕೆಲಸ ಮಾಡುವ ಯೋಚನೆಯಿದೆ. ಮೊದಲು ಕೇಬಲ್ ಸಡಿಲಿಸಿ, ಶೂ-ಡ್ರಮ್ಮಿನ ನಡುವಿನ ಅಂತರ ಹೊಂದಿಸುವ, ಡ್ರಮ್ಮಿನೊಳಗಿನ ಅಡ್ಜಸ್ಟರ್ ಸರಿಮಾಡಿ, ಕೊನೆಗೆ ನಟ್ಟು ಬಿಗಿಯುವ ಕ್ರಮವೇ ಸರಿಯೆಂದು ನನ್ನ ಅಂದಾಜು. ಲಿವರ್ ಇಳಿಸಿರುವಾಗ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಶೂ ಎಷ್ಟು ತಾಗಬಹುದು? ಮಳೆಗಾಲದ ತುಕ್ಕಿಗೆ ಕಚ್ಚಿಕೊಂಡಿರುವ ಡ್ರಮ್ಮನ್ನು ಸುತ್ತಿಗೆಯಿಂದ ಬಡಿಯದೆ ಬಿಡಿಸುವುದು ಹೇಗೆ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.