'ಲೆಗಸಿ'ಗೆ ಕನ್ನಡದಲ್ಲಿ ಏನನ್ನೋಣ? ಜಿಮ್ಮಿ ಕಾರ್ಟರ್ ನೆಪದಲ್ಲಿ

ಬಳಗದ ಎಲ್ಲರಿಗೂ ನಮಸ್ಕಾರ.

ಜಿಮ್ಮಿ ಕಾರ್ಟರ್ ಬಗ್ಗೆ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಅಮೆರಿಕದ 39ನೇ ಅಧ್ಯಕ್ಷ, ಜಾರ್ಜಿಯಾದ ಕಡಲೆಕಾಯಿ ರೈತ. ನೂರು ತುಂಬಿಸಿಕೊಂಡು 2024ರ ಡಿಸೆಂಬರ್ 29ರಂದು ತೀರಿಕೊಂಡರು. ಅವರನ್ನು ಹೇಗೆ ಅಳೆಯಬೇಕು ಅನ್ನುವ ಹಳೇ ಜಗಳ ಅಲ್ಲಿ ಮತ್ತೆ ಎದ್ದಿತು. ಆ ಜಗಳದಲ್ಲಿ ಮೂರು ಸಾಲಿಗೊಮ್ಮೆ ಬರುವ ಮಾತು 'ಲೆಗಸಿ' (legacy), ಅಂದರೆ ಒಬ್ಬರು ಹೋದ ಮೇಲೆ ಅವರ ಹೆಸರಿನಲ್ಲಿ ಉಳಿಯುವ ಒಳ್ಳೆಯದು ಕೆಟ್ಟದ್ದು ಎಲ್ಲ. ಅದಕ್ಕೆ ಕನ್ನಡದಲ್ಲಿ ಏನು ಹಾಕಲಿ ಅನ್ನುವುದೇ ನನ್ನ ಪ್ರಶ್ನೆ. ಪದಕೋಶದಲ್ಲಿ ಸಿಗುವ ಪದಗಳು ನನಗೂ ಗೊತ್ತು. ಅವನ್ನು ವಾಕ್ಯದಲ್ಲಿ ಕೂರಿಸಿದಾಗ ಏನಾಗುತ್ತದೆ ಅನ್ನುವುದು ಬೇರೆ ವಿಷಯ.

ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು 'ಪರಂಪರೆ'. ನನಗೆ ಇದು ಒಗ್ಗುವುದಿಲ್ಲ. ಪರಂಪರೆ ಅಂದರೆ ಒಂದರ ಹಿಂದೆ ಒಂದು ಬರುವ ಸಾಲು. ಗುರುಪರಂಪರೆ ಅನ್ನುತ್ತೇವೆ, ವಚನ ಪರಂಪರೆ ಅನ್ನುತ್ತೇವೆ. ಮುಂದುವರಿಸುವವರು ಇರಬೇಕು. ಕಾರ್ಟರ್ ವಿಷಯದಲ್ಲಿ ಸಾಲು ಎಲ್ಲಿದೆ? 1980ರ ಚುನಾವಣೆಯಲ್ಲಿ ಎದುರಾಳಿ ರೇಗನ್‌ಗೆ 489 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸುವ, ರಾಜ್ಯವಾರು ಹಂಚಿದ ಮತ) ಬಂದರೆ ಇವರಿಗೆ 49. ಆಮೇಲೆ ಎಷ್ಟೋ ಕಾಲ ಅವರ ಪಕ್ಷದವರೇ ಅವರ ಹೆಸರೆತ್ತಲು ಹಿಂಜರಿದರು. ಶ್ವೇತಭವನದ ಚಾವಣಿ ಮೇಲೆ ನೀರು ಕಾಯಿಸಲು 1979ರಲ್ಲಿ 32 ಸೌರ ಫಲಕ ಹಾಕಿಸಿದ್ದರು. 1986ರಲ್ಲಿ ಚಾವಣಿ ರಿಪೇರಿಗೆ ಅಂತ ಕೆಳಗಿಳಿಸಿದವರು ಅವನ್ನು ಮತ್ತೆ ಮೇಲೆ ಹಾಕಲೇ ಇಲ್ಲ. ಇದನ್ನು ಪರಂಪರೆ ಅಂದರೆ ಓದುವವರು ನಗುತ್ತಾರೆ.

'ಕೊಡುಗೆ' ಇನ್ನೊಂದು. ಇದರಲ್ಲಿ ಹೊಗಳಿಕೆ ಮೊದಲೇ ಸೇರಿಕೊಂಡಿದೆ. 'ಕ್ಯಾಂಪ್ ಡೇವಿಡ್ ಒಪ್ಪಂದ ಕಾರ್ಟರ್ ಕೊಡುಗೆ' ಅಂದರೆ ಸರಿಯಾಗಿಯೇ ಇದೆ. 1978ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್, ಇಸ್ರೇಲಿನ ಪ್ರಧಾನಿ ಬೆಗಿನ್ ಇಬ್ಬರನ್ನೂ 13 ದಿನ ಕ್ಯಾಂಪ್ ಡೇವಿಡ್ ಅನ್ನುವ, ಕಾಡಿನ ನಡುವಿನ ಅಧ್ಯಕ್ಷರ ಬಿಡಾರದಲ್ಲಿ ಇಟ್ಟುಕೊಂಡರು. ಇಬ್ಬರೂ ಎದುರುಬದುರು ಕೂತರೆ ಜಗಳ. ಹಾಗಾಗಿ ಕಾರ್ಟರ್ ತಾವೇ ಕರಡು ಹಿಡಿದುಕೊಂಡು ಇವರ ಬಿಡಾರದಿಂದ ಅವರ ಬಿಡಾರಕ್ಕೆ ಓಡಾಡಿದರು. ಮುಂದಿನ ಮಾರ್ಚಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಆ ಎರಡು ದೇಶಗಳ ನಡುವೆ ಆಮೇಲೆ ಯುದ್ಧ ಆಗಿಲ್ಲ.

ಈಗ ಅದೇ ಪದವನ್ನು ಇರಾನಿಗೆ ಹಾಕಿ ನೋಡಿ. 'ಇರಾನಿನ ಒತ್ತೆಯಾಳು ಪ್ರಕರಣ ಕಾರ್ಟರ್ ಕೊಡುಗೆ.' ಕನ್ನಡದಲ್ಲಿ ಇದು ನೇರವಾಗಿ ಚುಚ್ಚುಮಾತು. 'ಇದೆಲ್ಲ ನಿಮ್ಮ ತಮ್ಮನ ಕೊಡುಗೆ ಕಣ್ರೀ' ಅಂತ ಮನೆಯಲ್ಲಿ ಅನ್ನುತ್ತೇವಲ್ಲ, ಅದೇ ದನಿ. ಲೇಖನದ ಒಂದು ಪುಟದಲ್ಲಿ ಹೊಗಳಿಕೆಯಾಗಿ, ಇನ್ನೊಂದು ಪುಟದಲ್ಲಿ ಕುಟುಕಾಗಿ ಒಂದೇ ಪದ ಬಳಸಲು ಆಗುವುದಿಲ್ಲ.

'ಛಾಪು', 'ಹೆಗ್ಗುರುತು', 'ಹಿರಿಮೆ' ಎಲ್ಲಕ್ಕೂ ಇದೇ ತೊಡಕು. 'ಉಳಿಕೆ' ಅಂತ ಯಾರೋ ಹಿಂದೆ ಸೂಚಿಸಿದ್ದರು. ಪಕ್ಕದಲ್ಲೇ 'ಪಳೆಯುಳಿಕೆ' ಕಾದು ಕೂತಿರುತ್ತದೆ, ನೂರು ವರ್ಷದ ಅಜ್ಜನ ವಿಷಯದಲ್ಲಿ ಬೇಡ ಅನಿಸಿತು. 'ಪಿತ್ರಾರ್ಜಿತ'ದಲ್ಲಿ ಆಸ್ತಿಯೂ ಬರುತ್ತದೆ ಸಾಲವೂ ಬರುತ್ತದೆ, ಆದರೆ ಅದು ಅಪ್ಪನ ಕಡೆಯಿಂದಲೇ ಬರಬೇಕು.

ನನಗೆ ಹತ್ತಿರ ಅನಿಸಿದ್ದು 'ಬಳುವಳಿ'. ಮೂಲದಲ್ಲಿ ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವುದು. ಈಗ ಅದರ ಹರವು ಹಿಗ್ಗಿದೆ. 'ಸಂಗೀತ ತಾಯಿಯಿಂದ ಬಂದ ಬಳುವಳಿ' ಅನ್ನುತ್ತೇವೆ, 'ಸಕ್ಕರೆ ಕಾಯಿಲೆ ಅಪ್ಪನ ಬಳುವಳಿ' ಅಂತಲೂ ಅನ್ನುತ್ತೇವೆ. ಒಳ್ಳೆಯದಕ್ಕೂ ಸೈ, ಕೆಟ್ಟದ್ದಕ್ಕೂ ಸೈ. ಒಂದೇ ತಕರಾರು: ಇದು ಪಡೆದವರ ಕಡೆಯಿಂದ ನೋಡುವ ಪದ. ಯಾರಿಗೆ ಬಂತು ಅನ್ನುವುದು ಗೊತ್ತಿರಬೇಕು. ಕಾರ್ಟರ್ ಬಳುವಳಿ ಯಾರ ಪಾಲಿಗೆ ಬಂತು?

ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಬೆಲೆಯೇರಿಕೆ ನೋಡಿ. 1980ರಲ್ಲಿ ಅಲ್ಲಿ ಹಣದುಬ್ಬರ ಶೇ 13ರ ಮೇಲಿತ್ತು. ಅವರು ಸೋಲಲು ಅದೂ ಒಂದು ದೊಡ್ಡ ಕಾರಣ. ಅದಕ್ಕೆ ಕಡಿವಾಣ ಹಾಕಿದ ಪಾಲ್ ವೋಲ್ಕರ್ ಅವರನ್ನು ಕೇಂದ್ರ ಬ್ಯಾಂಕಿನ ಮುಖ್ಯಸ್ಥರನ್ನಾಗಿ 1979ರಲ್ಲಿ ಕೂರಿಸಿದ್ದು ಕಾರ್ಟರೇ. ವೋಲ್ಕರ್ ಬಡ್ಡಿ ಏರಿಸಿದರು, ಜನ ಒದ್ದಾಡಿದರು, ಆ ಸಿಟ್ಟು ಕಾರ್ಟರ್ ತಲೆಗೆ ಬಂತು. ಬೆಲೆ ಇಳಿಯುವ ಹೊತ್ತಿಗೆ ರೇಗನ್ ಕುರ್ಚಿಯಲ್ಲಿದ್ದರು, ಹೆಸರು ಅವರಿಗೆ ಹೋಯಿತು. ನಮ್ಮ ಕಡೆ 'ಅಪ್ಪ ಏನು ಬಿಟ್ಟುಹೋದ?' ಅಂತ ಕೇಳಿದರೆ 'ಎರಡೆಕರೆ ಗದ್ದೆ, ಮೇಲೊಂದಿಷ್ಟು ಸೊಸೈಟಿ ಸಾಲ' ಅಂತ ಉತ್ತರ ಬರುತ್ತದೆ. ಎರಡೂ ಒಂದೇ ವಾಕ್ಯದಲ್ಲಿ. ಅದಕ್ಕೇ ನನಗೆ 'ಬಿಟ್ಟುಹೋದದ್ದು' ಅನ್ನುವ ಸಾದಾ ಮಾತೇ ಒಳ್ಳೆಯದು ಅನಿಸುತ್ತಿದೆ. ತಲೆಬರಹಕ್ಕೆ ಉದ್ದವಾಗುತ್ತದೆ, ಒಪ್ಪುತ್ತೇನೆ.

ಹೆಸರುಪದ ಆದಷ್ಟು ಸಪ್ಪೆಯಾಗಿರಲಿ ಅನ್ನಲು ನನಗೆ ಇನ್ನೊಂದು ಕಾರಣ ಇದೆ. ಕನ್ನಡದಲ್ಲಿ ತೀರ್ಪು ಕೊಡುವುದು ಹೆಸರುಪದ ಅಲ್ಲ, ಕ್ರಿಯಾಪದ. ಪನಾಮಾ ಕಾಲುವೆಯನ್ನೇ ತಗೊಳ್ಳಿ. ಅಮೆರಿಕದ ಹಿಡಿತದಲ್ಲಿದ್ದ ಆ ಕಾಲುವೆಯನ್ನು ಪನಾಮಾ ದೇಶಕ್ಕೆ ಒಪ್ಪಿಸುವ ಒಪ್ಪಂದಕ್ಕೆ 1977ರಲ್ಲಿ ಕಾರ್ಟರ್ ಸಹಿ ಹಾಕಿದರು. 1978ರಲ್ಲಿ ಸೆನೆಟ್ 68–32 ಮತದಿಂದ ಒಪ್ಪಿತು. ಬೇಕಿದ್ದದ್ದು 67. ಒಂದೇ ಒಂದು ಮತ ಹೆಚ್ಚು. 1999ರ ಡಿಸೆಂಬರ್ 31ಕ್ಕೆ ಕಾಲುವೆ ಪೂರ್ತಿ ಪನಾಮಾ ಕೈಗೆ ಹೋಯಿತು. ಇದನ್ನು ಬರೆಯುವಾಗ 'ಕಾಲುವೆಯನ್ನು ಮರಳಿಸಿದರು' ಅಂದರೆ ನೀವು ಪನಾಮಾ ಪರ. ಅದು ಮೊದಲೇ ಅವರದ್ದಾಗಿತ್ತು ಅಂತ ಒಪ್ಪಿಕೊಂಡ ಹಾಗಾಯಿತು. 'ಬಿಟ್ಟುಕೊಟ್ಟರು' ಅಂದರೆ ದೊಡ್ಡ ಮನಸ್ಸೂ ಇರಬಹುದು, ಸೋಲೂ ಇರಬಹುದು. 'ಕೊಟ್ಟರು' ಬರೀ ವರದಿ. 'ಕೊಟ್ಟುಬಿಟ್ಟರು' ಅಂದಿರೋ, ಮುಗಿಯಿತು. ಆ 'ಬಿಟ್ಟರು' ಬಾಲದಲ್ಲಿ 'ಎಂಥ ಕೆಲಸ ಮಾಡಿದ್ರು ನೋಡಿ' ಅನ್ನುವ ಗೊಣಗಾಟ ಪೂರ್ತಿ ಇದೆ. 2025ರ ಜನವರಿಯಲ್ಲಿ, ಕಾರ್ಟರ್ ಅಂತ್ಯಕ್ರಿಯೆಯ ವಾರದಲ್ಲೇ, ಟ್ರಂಪ್ ಕಾಲುವೆ ಕೊಟ್ಟದ್ದು ದೊಡ್ಡ ತಪ್ಪು ಅಂದರು. ಅವರ ಮಾತನ್ನು ಕನ್ನಡಕ್ಕೆ ತರುವವರು 'ಕೊಟ್ಟುಬಿಟ್ಟರು' ಅಂತಲೇ ಬರೆಯಬೇಕು, ಬೇರೆ ದಾರಿಯಿಲ್ಲ. ಆದರೆ ಲೇಖಕರ ಸ್ವಂತ ವಾಕ್ಯದಲ್ಲಿ ಅದು ನುಸುಳಿದರೆ ಅಲ್ಲೇ ಪಕ್ಷ ಹಿಡಿದಂತೆ.

ಒತ್ತೆಯಾಳುಗಳ ವಿಷಯದಲ್ಲೂ ಇದೇ ಪಾಡು. 1979ರ ನವೆಂಬರ್ 4ರಂದು ಟೆಹ್ರಾನಿನ ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದವರು 52 ಜನರನ್ನು 444 ದಿನ ಹಿಡಿದಿಟ್ಟುಕೊಂಡರು. ನಡುವೆ 1980ರ ಏಪ್ರಿಲಿನಲ್ಲಿ ಬಿಡಿಸಿಕೊಂಡು ಬರಲು ಹೋದ ಕಾರ್ಯಾಚರಣೆ ಮರಳುಗಾಡಿನಲ್ಲೇ ಕೆಟ್ಟು, ಎಂಟು ಸೈನಿಕರು ಸತ್ತರು. ಕೊನೆಗೆ ಅಲ್ಜೀರಿಯಾ ನಡುವೆ ನಿಂತು ಮಾತುಕತೆ ಕುದುರಿಸಿತು. ಕಾರ್ಟರ್ ತಂಡ ಅದನ್ನು 1981ರ ಜನವರಿ 19ಕ್ಕೆ ಮುಗಿಸಿತು. ಮರುದಿನ ರೇಗನ್ ಪ್ರಮಾಣವಚನ ಮುಗಿದ ಕೆಲವೇ ನಿಮಿಷಕ್ಕೆ ಇರಾನ್ ಅವರನ್ನು ಬಿಟ್ಟಿತು. ಈಗ ಹೇಳಿ, ಬಿಡಿಸಿದ್ದು ಯಾರು? 'ಬಿಡುಗಡೆಯಾದರು' ಅಂತ ಬರೆದು ಎಷ್ಟೋ ಜನ ಜಾರಿಕೊಳ್ಳುತ್ತಾರೆ. ನಾನು 'ಕಾರ್ಟರ್ ಬಿಡಿಸಿದರು, ರೇಗನ್ ಕಾಲದಲ್ಲಿ ಬಂದರು' ಅಂತ ಬರೆದಿದ್ದೇನೆ. ಯಾರಿಗಾದರೂ ಇದು ಅತಿಯಾಯಿತು ಅನಿಸಿದರೆ ಹೇಳಿ. ಹಾಗಂತ ಇರಾನಿನ ವಿಷಯದಲ್ಲಿ ಅವರನ್ನು ಪೂರ್ತಿ ಕಾಪಾಡಲು ಆಗುವುದಿಲ್ಲ. ಮಾನವ ಹಕ್ಕು ಅಂತ ಊರಿಗೆಲ್ಲ ಹೇಳುತ್ತಿದ್ದವರು 1977ರ ಡಿಸೆಂಬರ್ 31ರ ರಾತ್ರಿ ಟೆಹ್ರಾನಿನ ಔತಣದಲ್ಲಿ ದೊರೆ ಷಾ ಆಳುವ ಇರಾನನ್ನು ಸ್ಥಿರತೆಯ ದ್ವೀಪ ಅಂತ ಕೊಂಡಾಡಿದ್ದರು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟು ಓಡಿದ್ದ.

ಎರಡನೇ ಪ್ರಶ್ನೆ 'ಮಾಜಿ' ಬಗ್ಗೆ. ಅಮೆರಿಕದವರು ಅಧ್ಯಕ್ಷರು, ನಮ್ಮವರು ರಾಷ್ಟ್ರಪತಿ, ಅದರಲ್ಲಿ ಗೊಂದಲ ಇಲ್ಲ. ಆದರೆ ಕನ್ನಡದ 'ಮಾಜಿ'ಯಲ್ಲಿ ಒಂದು ಕಳೆಗುಂದಿದ ದನಿ ಇದೆ, ಅಲ್ವಾ? 'ಅವರು ಈಗ ಮಾಜಿ' ಅಂದರೆ ಕಾರು ಹೋಯಿತು, ಮನೆ ಮುಂದೆ ಜನ ಇಲ್ಲ ಅಂತ ಅರ್ಥ. ಕಾರ್ಟರ್ ನಾಲ್ಕು ವರ್ಷ ಅಧ್ಯಕ್ಷ, ಹೆಚ್ಚುಕಡಿಮೆ 44 ವರ್ಷ ಮಾಜಿ. ಅಟ್ಲಾಂಟಾದಲ್ಲಿ 1982ರಲ್ಲಿ ಕಾರ್ಟರ್ ಸೆಂಟರ್ ಕಟ್ಟಿದರು, ದೇಶದೇಶಗಳ ಚುನಾವಣೆ ನೋಡಲು ಹೋದರು, ಕೈಯಲ್ಲಿ ಸುತ್ತಿಗೆ ಹಿಡಿದು ಬಡವರಿಗೆ ಮನೆ ಕಟ್ಟಿದರು. 2006ರಲ್ಲಿ ಲೋಣಾವಳ ಹತ್ತಿರವೂ ಬಂದು ಕಟ್ಟಿದ್ದಾರೆ. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಾಗಾಗಿ ಅಲ್ಲಿ ಒಂದು ಸಿದ್ಧ ಸೂತ್ರ ಚಾಲ್ತಿಯಲ್ಲಿದೆ: ಅಧ್ಯಕ್ಷರಾಗಿ ಸೋತರು, ಮಾಜಿಯಾಗಿ ಗೆದ್ದರು. ನನಗೆ ಈ ಸೂತ್ರ ಕಂಡರಾಗದು. ಮೊದಲ ನಾಲ್ಕು ವರ್ಷವನ್ನು ಓದದೆಯೇ ಮುಚ್ಚಿಡಲು ಇದು ಒಳ್ಳೆ ನೆಪ. ಇತ್ತೀಚಿನ ಕೆಲವು ಜೀವನಚರಿತ್ರೆಕಾರರೂ ಇದನ್ನು ಒಪ್ಪುತ್ತಿಲ್ಲ. ಅಲಾಸ್ಕಾದ ಹತ್ತು ಕೋಟಿ ಎಕರೆಗೂ ಹೆಚ್ಚು ನೆಲವನ್ನು ಕಾಪಿಟ್ಟ 1980ರ ಕಾನೂನು, ಚೀನಾ ಜತೆ 1979ರ ಜನವರಿ 1ರಂದು ಶುರುವಾದ ರಾಜತಾಂತ್ರಿಕ ಸಂಬಂಧ, ಇವೆಲ್ಲ ಕುರ್ಚಿಯಲ್ಲಿ ಕೂತಾಗ ಮಾಡಿದ್ದು.

ಅಂದಹಾಗೆ, ಅಲ್ಲಿ ಇತಿಹಾಸಕಾರರು ಅಧ್ಯಕ್ಷರಿಗೆ ನಿಜಕ್ಕೂ ಅಂಕ ಕೊಡುತ್ತಾರೆ. ಸಿ-ಸ್ಪ್ಯಾನ್ ಟಿವಿಯವರ 2021ರ ಸಮೀಕ್ಷೆಯಲ್ಲಿ ಕಾರ್ಟರ್ 44 ಜನರಲ್ಲಿ 26ನೆಯವರು. ಇದಕ್ಕೆ ಮಾತ್ರ 'ಮೌಲ್ಯಮಾಪನ' ಅನ್ನಬಹುದು, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ನೆನಪಾದರೂ ಅಡ್ಡಿಯಿಲ್ಲ. ಉಳಿದ ಕಡೆ 'ತೂಗಿ ನೋಡುವುದು' ಸಾಕು.

ಮೂರನೆಯದು 'ಮಲೇಸ್' (malaise), ಅಂದರೆ ಇದೇ ಅಂತ ಹೇಳಲಾಗದ ಕಸಿವಿಸಿ, ಉತ್ಸಾಹ ಕುಂದಿದ ಸ್ಥಿತಿ. 1979ರ ಜುಲೈ 15ರಂದು ಕಾರ್ಟರ್ ಟಿವಿಯಲ್ಲಿ ಒಂದು ಭಾಷಣ ಮಾಡಿದರು. ಪೆಟ್ರೋಲ್ ಬಂಕಿನಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ದೇಶಕ್ಕೆ ತನ್ನ ಮೇಲೇ ನಂಬಿಕೆ ಹೋಗಿದೆ, ಕೊಳ್ಳುವುದೇ ಬದುಕಾಗಿದೆ ಅಂತ ನೇರವಾಗಿ ಹೇಳಿದರು. ಆ ಭಾಷಣಕ್ಕೆ ಇವತ್ತಿಗೂ 'ಮಲೇಸ್ ಭಾಷಣ' ಅಂತಲೇ ಹೆಸರು. ತಮಾಷೆ ಅಂದರೆ ಇಡೀ ಭಾಷಣದಲ್ಲಿ ಆ ಪದವೇ ಇಲ್ಲ. ಪತ್ರಿಕೆಯವರು, ಎದುರಾಳಿಗಳು ಅಂಟಿಸಿದ್ದು. ಮೊದಲು ಜನ ಮೆಚ್ಚಿದ್ದರು ಕೂಡ. ಎರಡೇ ದಿನಕ್ಕೆ ಇಡೀ ಮಂತ್ರಿಮಂಡಲದ ರಾಜೀನಾಮೆ ಕೇಳಿ ಐವರನ್ನು ಕಳಿಸಿದಾಗ ಎಲ್ಲ ತಲೆಕೆಳಗಾಯಿತು. ಕನ್ನಡದಲ್ಲಿ ಇದಕ್ಕೆ 'ಮಂಕು' ಚೆನ್ನಾಗಿ ಕೂರುತ್ತದೆ. 'ದೇಶಕ್ಕೆ ಮಂಕು ಕವಿದಿದೆ.' ಆದರೆ 'ಮಂಕು ಭಾಷಣ' ಅಂದರೆ ಭಾಷಣವೇ ಮಂಕಾಗಿತ್ತು ಅಂತಾಗುತ್ತದೆ! 'ಜಡ್ಡು' ಹಾಕಿದರೆ ಉತ್ತರ ಕರ್ನಾಟಕದವರು ಕಾಯಿಲೆ ಅಂತಲೇ ಓದುತ್ತಾರೆ. ಅದು ಮೂಲಕ್ಕೆ ಹತ್ತಿರವೇ, ಕರಾವಳಿಯವರು ಏನನ್ನುತ್ತಾರೋ ನೋಡಬೇಕು. ಸದ್ಯಕ್ಕೆ 'ಮಂಕು ಕವಿದ ದೇಶದ ಭಾಷಣ' ಅಂತ ಇಟ್ಟಿದ್ದೇನೆ. ಇನ್ನೂ ಚುಟುಕಾದದ್ದು ಇದ್ದರೆ ಬೇಕು.

ಕೊನೆಯದು ನಮ್ಮದೇ ನೆಲದ ಪದ. ಕಾರ್ಟರ್ ಸೆಂಟರ್ 1986ರಿಂದ ಗಿನಿ ಹುಳದ ಕಾಯಿಲೆಯನ್ನು ಓಡಿಸಲು ಹೊರಟಿತು. ಆಗ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಅದು ಬರುತ್ತಿತ್ತು. 2023ರಲ್ಲಿ ಇಡೀ ಲೋಕಕ್ಕೆ 14 ಜನ. ಮದ್ದಿಲ್ಲ, ಲಸಿಕೆಯಿಲ್ಲ, ನೀರು ಸೋಸಿ ಕುಡಿಯಿರಿ ಅಂತ ಊರೂರಿಗೆ ಹೇಳಿ ಸಾಧಿಸಿದ್ದು. ಇದು ನಮ್ಮ ನಾರುಹುಣ್ಣು. ನೀರಿನಲ್ಲಿ ಒಳಗೆ ಹೋದ ಮರಿ ಒಂದು ವರ್ಷದ ಹೊತ್ತಿಗೆ ಮೀಟರಿನವರೆಗೂ ಉದ್ದದ ಹುಳವಾಗಿ, ಸಾಮಾನ್ಯವಾಗಿ ಕಾಲಿನಲ್ಲಿ ಬೊಕ್ಕೆ ಒಡೆದುಕೊಂಡು ಹೊರಗೆ ತಲೆ ಹಾಕುತ್ತದೆ. ಕಡ್ಡಿಗೆ ಸುತ್ತಿ, ದಿನಕ್ಕೆ ಒಂಚೂರು ಎಳೆಯಬೇಕು. ಜೋರಾಗಿ ಎಳೆದರೆ ಒಳಗೇ ತುಂಡಾಗಿ ಕೀವು ತುಂಬುತ್ತದೆ. ಉರಿ ತಾಳದೆ ಕಾಲನ್ನು ಮೆಟ್ಟಿಲುಬಾವಿಗೆ ಇಳಿಬಿಟ್ಟರೆ ಬಾವಿಯೂ ಕೆಟ್ಟಿತು. ಕರ್ನಾಟಕವೂ ಇದರಿಂದ ನರಳಿದ ರಾಜ್ಯ. ಆದರೆ ಇಲ್ಲಿ ಇದನ್ನು ಓಡಿಸಿದ್ದು ನಮ್ಮ ಸರ್ಕಾರದ್ದೇ ಕಾರ್ಯಕ್ರಮ. ಕಾರ್ಟರ್ ಕೈಹಾಕುವ ಮೊದಲೇ ಶುರುವಾಗಿತ್ತು. ಭಾರತದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರೋಗಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ಹಾಗಾಗಿ ಕಾರ್ಟರ್ ಬಿಟ್ಟುಹೋದದ್ದರ ಲೆಕ್ಕದಲ್ಲಿ ಆಫ್ರಿಕಾದ ಹಳ್ಳಿಗಳನ್ನು ಬರೆಯುತ್ತೇನೆ, ನಮ್ಮ ಬಾವಿಗಳನ್ನು ಬರೆಯುವುದಿಲ್ಲ.

ರಾಯಚೂರು, ಕಲಬುರಗಿ, ವಿಜಯಪುರ ಕಡೆಯ ಸದಸ್ಯರು ಮನೆಯ ಹಿರಿಯರನ್ನು ಒಮ್ಮೆ ಕೇಳಿ: ಅವರು 'ನಾರುಹುಣ್ಣು' ಅನ್ನುತ್ತಿದ್ದರೋ, ಬರೀ 'ನಾರು' ಅನ್ನುತ್ತಿದ್ದರೋ? ಹುಳವನ್ನು ಕಡ್ಡಿಗೆ ಸುತ್ತಿ ತೆಗೆಯುವುದಕ್ಕೆ ಬೇರೆ ಕ್ರಿಯಾಪದ ಇತ್ತೇ? ಲೇಖನ ಕಳಿಸುವ ಮೊದಲು ಸಿಕ್ಕರೆ ಅದನ್ನೇ ಹಾಕುತ್ತೇನೆ.